ತಡಕೋಡ ಮಾಸ್ತರರ ಚೀಟಿ

ತಡಕೋಡ ಮಾಸ್ತರರು ಯಾರನ್ನು ಪರೀಕ್ಷೆ ಮಾಡುತ್ತಿದ್ದರೋ ಅವರಿಗೆ ಬೆನ್ನು ಹಾಕಿ ಕೂಡುತ್ತಿದ್ದರು. ಅಭ್ಯರ್ಥಿ ಟೈಪ್ ಮಷಿನ್ ಮುಂದೆ ಕೂತರೆ ಇವರು ಗೋಡೆಯ ಕಡೆ ಮುಖ ಮಾಡಿ, ಕರಿ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದರು. ಟೈಪಾದ ಹಾಳೆಯನ್ನು ಹಿಂದಿನಿಂದಲೇ ಕೈಚಾಚಿ ಇಸಿದುಕೊಂಡು, ಓದಿ, ಚೀಟಿ ಬರೆದು, ಲಕೋಟೆಗೆ ಹಾಕಿ ಅಂಟಿಸಿದ ಮೇಲೆಯೇ ಅವರು ತಿರುಗುತ್ತಿದ್ದದ್ದು. ಮೊದಲ ಸಲ ಬಂದವರಿಗೆ ಇದು ಸೊಕ್ಕು ಅನಿಸುತ್ತಿತ್ತು. ತಿರುಗಿದ ಮೇಲೆ ಆ ಮುಖದಲ್ಲಿ ಸೊಕ್ಕಿನ ಲವಲೇಶವೂ ಇಲ್ಲದ್ದನ್ನು ಕಂಡು ಅವರೇ ನಾಚುತ್ತಿದ್ದರು.

ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಒಂದು ಅರಿವೆ ಅಂಗಡಿಯ ಮೇಲೆ ಅವರ ಟೈಪಿಂಗ್ ಕ್ಲಾಸಿತ್ತು. ಕಟ್ಟಿಗೆಯ ಪಾವಟಿಗೆ ಹತ್ತಿ ಹೋದರೆ ಉದ್ದನೆಯ ಕೋಣೆ, ಎಂಟು ಮಷಿನ್ನು, ಹಿಂದೆ ಅವರ ಸಂಸಾರ. ಸಂಸಾರವೆಂದರೆ ಅವರು ಮತ್ತು ಹೆಂಡತಿ ಗಂಗಾಬಾಯಿ, ಇಬ್ಬರೇ. ಮಾಸ್ತರರ ಬೆರಳ ತುದಿಗಳು ರಿಬ್ಬನ್ನಿನ ಮಸಿಗೆ ಸದಾ ನೀಲಿಯಾಗಿರುತ್ತಿದ್ದವು. ಊಟಕ್ಕೆ ಕೂಡುವ ಮೊದಲು ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲವೆಂದು ಗಂಗಾಬಾಯಿ ದೂರುತ್ತಿದ್ದರು.

ಆಗಿನ ಕಾಲದಲ್ಲಿ ಊರಿನ ದಲ್ಲಾಳಿಗಳ ಅಡತಿ ಅಂಗಡಿಗಳು, ವಿಮಾ ಕಚೇರಿಗಳು, ವಕೀಲರು, ಕಾರಖಾನೆಗಳು ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಮಾಸ್ತರರ ಹತ್ತಿರ ಕಳಿಸುತ್ತಿದ್ದರು. ಮಾಸ್ತರರು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದರು: ಹೆಸರು ಕಳಿಸಬೇಡಿ, ನಂಬರು ಕಳಿಸಿ. ಯಾವ ನಂಬರು ಯಾರದು ಎಂಬುದು ನಿಮ್ಮ ಕಪಾಟಿನಲ್ಲಿರಲಿ. ಅವರ ಚೀಟಿಯಲ್ಲಿ ನಂಬರು, ಆಮೇಲೆ ನಾಲ್ಕೈದು ಸಾಲು ಕನ್ನಡ, ಅಷ್ಟೆ. 'ಇವರಿಗೆ ವೇಗ ಸಾಧಾರಣ. ಆದರೆ ಕೆಟ್ಟ ಅಕ್ಷರದ ಪತ್ರವನ್ನು ಸರಿಯಾಗಿ ಓದುತ್ತಾರೆ. ಅರ್ಥವಾಗದ್ದನ್ನು ಕೇಳುತ್ತಾರೆ. ತೆಗೆದುಕೊಳ್ಳಬಹುದು.' ಊರಿನಲ್ಲಿ ಇದಕ್ಕೆ ತಡಕೋಡರ ಚೀಟಿ ಎಂದೇ ಹೆಸರು.

ಒಮ್ಮೆ ಒಬ್ಬ ಹತ್ತಿ ವ್ಯಾಪಾರಿ ಚೀಟಿ ಹಿಡಿದುಕೊಂಡು ಏದುಸಿರು ಬಿಡುತ್ತ ಪಾವಟಿಗೆ ಹತ್ತಿ ಬಂದರು. ನಾನು ಅಲ್ಲೇ ಇದ್ದೆ.

"ಮಾಸ್ತರ್ರ, ಈ ನಂಬರ ನಾಲ್ಕು ಅಂದ್ರ ನಮ್ಮ ಅಳಿಯ ಅದಾನ್ರಿ."

"ಹೌದೇನ್ರಿ?" ಎಂದರು ಮಾಸ್ತರರು. "ನಂಬರ ನಾಲ್ಕರವರಿಗೆ ಇನ್ನ ಮೂರು ತಿಂಗಳ ರೂಢಿ ಬೇಕು. ಅದನ್ನ ಬರದೇನಿ. ಅಳಿಯಂದ್ರು ಹೆಂಗದಾರ ಅನ್ನೋದು ನಿಮಗ ಗೊತ್ತು, ನನಗೇನ ಗೊತ್ತು?"

ವ್ಯಾಪಾರಿ ನಕ್ಕು, ಗಂಗಾಬಾಯಿಯವರು ಕೊಟ್ಟ ಚಹಾ ಕುಡಿದು ಹೋದರು. ಅಳಿಯನನ್ನು ಮೂರು ತಿಂಗಳು ಅದೇ ಕ್ಲಾಸಿಗೆ ಕಳಿಸಿದರು.

ನಾನು ಅವರ ಮುಂದೆ ಮೊದಲ ಸಲ ಕೂತದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಮನೆ ಬೆಂಗೇರಿಯಲ್ಲಿ. ಅಪ್ಪ ಹತ್ತಿ ಗಿರಣಿಯಲ್ಲಿ ಹಮಾಲರಾಗಿದ್ದರು. ನಮ್ಮ ಓಣಿಯ ಕೆಲವು ಮನೆಗಳವರು ಬೌದ್ಧರಾದ ಹೊಸದು. ಅಪ್ಪನೂ ಆದರು. ಧರ್ಮ ಬದಲಾದರೂ ದೊಡ್ಡಮನಿ ಎಂಬ ಅಡ್ಡಹೆಸರು ಬದಲಾಗಿರಲಿಲ್ಲ. ಮ್ಯಾಟ್ರಿಕ್ ಪಾಸಾಗಿ, ಟೈಪಿಂಗ್ ಕಲಿತು ಅರ್ಜಿ ಹಿಡಿದು ಹೋದ ಕಡೆಯಲ್ಲೆಲ್ಲ ಆ ಹೆಸರನ್ನು ಓದುತ್ತಿದ್ದರು, ಒಮ್ಮೆ ನನ್ನನ್ನು ನೋಡುತ್ತಿದ್ದರು, ಜಾಗ ಭರ್ತಿಯಾಗಿದೆ ಎನ್ನುತ್ತಿದ್ದರು. ಐದು ಕಡೆ ಹೀಗಾದ ಮೇಲೆ, ನೀರಿನ ಪಂಪು ತಯಾರಿಸುವ ಒಂದು ಕಾರಖಾನೆಗೆ ಅರ್ಜಿ ಹಾಕಿದೆ. ಅಲ್ಲಿನ ಹಳೆಯ ಮ್ಯಾನೇಜರರು ಹನ್ನೊಂದು ಜನರ ಕೈಗೆ ಹನ್ನೊಂದು ನಂಬರು ಕೊಟ್ಟು ದಾಜಿಬಾನ ಪೇಟೆಗೆ ಕಳಿಸಿದರು. ನನ್ನದು ಏಳು.

ಟೈಪ್ ಮಾಡಲು ಕೊಟ್ಟ ಪತ್ರದಲ್ಲಿ, ಮಾಲಿಗೆ ಆರ್ಡರು ಬಂದ ತಾರೀಖಿಗಿಂತ ಮಾಲು ಕಳಿಸಿದ ತಾರೀಖು ಹಿಂದಿನದಾಗಿತ್ತು. ನನ್ನ ಕೈ ನಿಂತಿತು. ಗೋಡೆಯ ಕಡೆಯಿಂದ ಧ್ವನಿ ಬಂತು.

"ಏಳನೇ ನಂಬರಿನವರು ನಿಂತ್ರಿ. ಯಾಕ?"

"ತಾರೀಖು ತಪ್ಪೈತ್ರಿ. ತಿದ್ಲೋ, ಇದ್ದಂಗ ಹೊಡೀಲೋ ಅಂತ ವಿಚಾರ ಮಾಡಾಕತ್ತೇನ್ರಿ."

"ಏನ ಮಾಡ್ತೀರಿ?"

"ಇದ್ದಂಗ ಹೊಡೀತೇನ್ರಿ. ಬಾಜೂಕ ಪೆನ್ಸಿಲ್‌ನಿಂದ ಗುರುತು ಮಾಡ್ತೇನ್ರಿ. ಖರೇ ತಾರೀಖು ಯಾವದು ಅನ್ನೋದು ನನಗ ಗೊತ್ತಿಲ್ಲಲ್ರಿ."

ಚೀಟಿ ಅಂಟಿಸಿ ತಿರುಗಿದಾಗ ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ಬರ್ರಿ, ಒಳಗ ಚಹಾ ಆಗೇದ," ಎಂದರು. ನಾನು ಹೊರಗಿನ ಕೋಣೆಯಲ್ಲೇ ನಿಂತೆ. ಒಳಗೆ ಹೋಗಬಾರದ ಕಾರಣವೊಂದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಅವರಿಗೆ ಅದು ಒಂದು ಕ್ಷಣದಲ್ಲಿ ತಿಳಿಯಿತೆಂದು ಕಾಣುತ್ತದೆ. ಒಳಗೆ ಹೋಗಿ ಎರಡು ಕಪ್ಪು ತಾವೇ ತಂದು, ನನ್ನ ಪಕ್ಕದ ಮಷಿನ್ ಮುಂದೆ ಕೂತು ಒಂದನ್ನು ಕುಡಿದರು. ಆ ಮೇಲೆ ವರ್ಷಗಟ್ಟಲೆ ಆ ಮನೆಗೆ ಹೋಗಿ ಬಂದೆ, ಒಳಗೆ ಕೂತು ಉಂಡೆ. ಆದರೂ ಮೊದಲ ದಿನದ ಆ ಚಹಾದ ಬಿಸಿಯೇ ನೆನಪಿನಲ್ಲಿ ಉಳಿದಿದೆ.

ಏಳನೇ ನಂಬರಿಗೆ ಕೆಲಸ ಸಿಕ್ಕಿತು. ಲಕೋಟೆ ಒಡೆದು, ಏಳು ಯಾರೆಂದು ಕಪಾಟಿನ ಪಟ್ಟಿಯಲ್ಲಿ ಹೆಸರು ನೋಡಿದಾಗ ಕಾರಖಾನೆಯ ಕಚೇರಿಯಲ್ಲಿ ಒಂದಿಷ್ಟು ಗುಸುಗುಸು ಆಯಿತಂತೆ. ಚೀಟಿ ಬಂದಾಗಿತ್ತು. ಹಳೆಯ ಮ್ಯಾನೇಜರರು ಮಾತು ಬದಲಿಸುವ ಮನುಷ್ಯರಾಗಿರಲಿಲ್ಲ.

ಮಾಸ್ತರರು ಇಪ್ಪತ್ತು ವರ್ಷದ ಹುಡುಗರಿಗೂ ಬಹುವಚನ ಬಿಟ್ಟು ಮಾತಾಡುತ್ತಿರಲಿಲ್ಲ. ನಪಾಸಾದವರನ್ನು ಹಾಗೇ ಕಳಿಸುತ್ತಲೂ ಇರಲಿಲ್ಲ. ಕೂಡಿಸಿಕೊಂಡು ತಪ್ಪು ಎಲ್ಲಿದೆ ಎಂದು ಹೇಳುತ್ತಿದ್ದರು. "ನಿಮ್ಮ ಎಡಗೈ ಕಿರುಬೆರಳು ಸುಮ್ಮನ ಕೂತದ. ಅದಕ್ಕೂ ಕೆಲಸ ಕೊಡ್ರಿ. ಆರು ವಾರ ಬಿಟ್ಟು ಬರ್ರಿ, ಮತ್ತ ನೋಡೋಣ." ಹಾಗೆ ಎರಡನೇ ಸಲ, ಮೂರನೇ ಸಲ ಬಂದವರು ಊರಿನ ಎಷ್ಟೋ ಕಚೇರಿಗಳಲ್ಲಿದ್ದರು. ಒಮ್ಮೆ ನಾನು, ಬೆನ್ನು ತಿರುಗಿಸಿ ಯಾಕೆ ಕೂಡುತ್ತೀರಿ ಎಂದು ಕೇಳಿದೆ. "ಮುಖ ನೋಡಿದ್ರ ನನಗ ಕರುಣಾ ಬರ್ತದರಿ," ಎಂದರು. "ಒಬ್ಬರ ಮ್ಯಾಲ ಕರುಣಾ ಬಂದ್ರ, ಅವರ ಬಾಜೂ ಕೂತವರಿಗೆ ಅನ್ಯಾಯ ಆಗ್ತದ."

ಅರವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ನಾನು ಅದೇ ಕಾರಖಾನೆಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೆ. ಒಂದು ಭಾನುವಾರ ಸಂಜೆ ಮಾಸ್ತರರು ಚುರುಮರಿ ತಿನ್ನುತ್ತ, ಒಳಗೆ ಗಂಗಾಬಾಯಿಯವರಿಗೆ ಕೇಳಿಸದ ಹಾಗೆ, ತಗ್ಗಿದ ದನಿಯಲ್ಲಿ ಹೇಳಿದರು.

"ದೊಡ್ಡಮನಿಯವರ, ನಿಮಗಷ್ಟ ಹೇಳ್ತೇನಿ. ನನ್ನ ಬಲಗಿವಿ ಹೋಗ್ಲಿಕತ್ತದ. ಸಾಲಿನ ಕಡೀಕ ಮಷಿನ್ನಿನ ಗಂಟಿ ಹೊಡೀತದಲ್ಲ, ಅದು ಒಮ್ಮೊಮ್ಮೆ ಕೇಳಸೂದಿಲ್ಲ."

"ಡಾಕ್ಟರಿಗೆ ತೋರಸ್ರಿ ಮಾಸ್ತರ್ರ."

"ತೋರಸೇನಿ. ವಯಸ್ಸು ಅಂದ್ರು. ಎಡಗಿವಿ ಛಲೋ ಅದ. ಅದರ ಮ್ಯಾಲ ಈಗ ಪ್ರತಿಯೊಂದು ಕಾಗದ ಎರಡೆರಡು ಸಲ ಓದ್ತೇನಿ. ಚೀಟಿ ತಪ್ಪೂದಿಲ್ಲ. ಆದ್ರ ಮಂದಿಗೆ ಗೊತ್ತಾಗಬಾರದು. ಗೊತ್ತಾದ್ರ ಯಾರ ಕಳಸ್ತಾರ?"

"ನಾ ಯಾರ ಮುಂದೂ ಹೇಳೂದಿಲ್ರಿ," ಎಂದೆ.

ಅದೇ ವರ್ಷ ಕಾರಖಾನೆಗೆ ಹೊಸ ಮ್ಯಾನೇಜರರು ಬಂದರು. ಹೊಸ ಶೆಡ್ಡು ಕಟ್ಟಿದ್ದರಿಂದ ಗುಮಾಸ್ತರು, ಟೈಪಿಸ್ಟರು ಸೇರಿ ನಲವತ್ತು ಜನರನ್ನು ಒಮ್ಮೆಗೇ ತೆಗೆದುಕೊಳ್ಳುವುದಿತ್ತು. ಅವರನ್ನು ಪರೀಕ್ಷೆ ಮಾಡುವ ಕೆಲಸ ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಎದ್ದಿತು. ಮಾಸ್ತರರು ಇದ್ದೇ ಇದ್ದರು. ಅವರ ಜೊತೆಗೆ ಧಾರವಾಡದಲ್ಲಿ ಹೊಸದಾಗಿ ತೆರೆದಿದ್ದ ಒಂದು ಪರೀಕ್ಷಾ ಕೇಂದ್ರದವರೂ ಈ ಕೆಲಸ ಕೇಳಿ ಪತ್ರ ಬರೆದಿದ್ದರು. ನಿವೃತ್ತ ಅಧಿಕಾರಿಯೊಬ್ಬರು ಅದನ್ನು ನಡೆಸುತ್ತಿದ್ದರು. ಅವರು ನಮ್ಮ ಮ್ಯಾನೇಜರರ ಕಾಲೇಜು ಗೆಳೆಯರು. ಅವರ ಫಾರ್ಮು ನುಣುಪು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದರಲ್ಲಿ ಹೆಸರು, ಫೋಟೋ, ತಂದೆಯ ಉದ್ಯೋಗ, ಮನೆತನ ಎಲ್ಲಕ್ಕೂ ಜಾಗವಿತ್ತು.

ಎರಡನ್ನೂ ತುಲನೆ ಮಾಡಿ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗೊಂದು ಉಪಾಯ ಹೊಳೆಯಿತು. ನಮ್ಮಲ್ಲೇ ಕೆಲಸ ಮಾಡುವ ಹತ್ತು ಜನರನ್ನು ಎರಡೂ ಕಡೆ ಕಳಿಸೋಣ, ಅವರ ಕೆಲಸ ಹೇಗಿದೆ ಎಂಬುದು ನಮಗೆ ಮೊದಲೇ ಗೊತ್ತು, ಯಾರ ಅಳತೆ ಸರಿ ಎಂಬುದು ತಾನಾಗಿಯೇ ತಿಳಿಯುತ್ತದೆ ಎಂದೆ. ಮ್ಯಾನೇಜರರು ಒಪ್ಪಿದರು. ಮಾಸ್ತರರಿಗೂ ಹೇಳಿದೆ. "ಇದು ಛಲೋ ವಿಚಾರ," ಎಂದರು. "ಇಪ್ಪತ್ತು ವರ್ಷ ನಾ ಮಂದಿ ಪರೀಕ್ಷಾ ಮಾಡೇನಿ. ನನ್ನ ಪರೀಕ್ಷಾ ಯಾರೂ ಮಾಡಿರಲಿಲ್ಲ." ಆ ದಿನಗಳಲ್ಲಿ ಅವರು ಬಹಳ ಉತ್ಸಾಹದಲ್ಲಿದ್ದರು. ಎಂಟೂ ಮಷಿನ್ನುಗಳಿಗೆ ಹೊಸ ರಿಬ್ಬನ್ ಹಾಕಿಸಿದರು.

ಮಾಸ್ತರರ ಹತ್ತು ಚೀಟಿಗಳಲ್ಲಿ ಒಂಬತ್ತು, ನಾವು ಕಂಡ ಕೆಲಸಕ್ಕೆ ತಾಳೆಯಾದವು. ಕೇಂದ್ರದ ವರದಿಗಳಲ್ಲಿ ತಾಳೆಯಾದದ್ದು ನಾಲ್ಕು. ತಿಂಗಳಿಗೆರಡು ಸಲ ಒಬ್ಬರ ಪತ್ರವನ್ನು ಇನ್ನೊಬ್ಬರ ಲಕೋಟೆಗೆ ಹಾಕುತ್ತಿದ್ದ ಗುಮಾಸ್ತನೊಬ್ಬ, ದೊಡ್ಡ ಮನೆತನದವನು, ಅಲ್ಲಿ ಮೊದಲ ಸ್ಥಾನ ಪಡೆದಿದ್ದ. ನಾನು ಎಲ್ಲವನ್ನೂ ಒಂದು ಕೋಷ್ಟಕದಲ್ಲಿ ಬರೆದು, ಮಾಸ್ತರರಿಗೂ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾನೇಜರರಿಗೆ ಒಪ್ಪಿಸಿದೆ.

ಮ್ಯಾನೇಜರರು ಬಾಗಿಲು ಮುಂದೆ ಮಾಡಲು ಹೇಳಿದರು. ಕೋಷ್ಟಕದ ಹಾಳೆಯನ್ನು ನನ್ನ ಎದುರೇ ನಿಧಾನವಾಗಿ ಹರಿದು ಬುಟ್ಟಿಗೆ ಹಾಕಿದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ.

"ದೊಡ್ಡಮನಿ, ಕೆಲಸ ಯಾರಿಗರೆ ಕಲಿಸಬಹುದು. ಎಂಥಾ ಮನಿಯಿಂದ ಬಂದಾರ ಅನ್ನೋದು ಮೊದಲ ಗೊತ್ತಿರಬೇಕು. ಆ ಮಾಸ್ತರ ಅದನ್ನ ಹೇಳೂದಿಲ್ಲ. ಬ್ಯಾರೆ ಟಿಪ್ಪಣಿ ಬರದು ತರ್ರಿ. ಮಾಸ್ತರ ಪದ್ಧತಿ ಯಾಕ ಸಾಲೂದಿಲ್ಲ ಅಂತ ಒಂದೆರಡು ಕಾರಣ ಹಾಕ್ರಿ. ಮತ್ತ, ನಿಮ್ಮ ಬಡ್ತಿ ಕಾಗದ ಇಲ್ಲೇ ಐತಿ. ಈ ವಾರ ಸಹಿ ಮಾಡಬೇಕಂತ ಮಾಡೇನಿ."

ಅಪ್ಪನಿಗೆ ಆಗ ಗಿರಣಿಯ ಧೂಳಿನಿಂದ ದಮ್ಮು ಹತ್ತಿ ಕೆಲಸ ಬಿಟ್ಟಿತ್ತು. ಇಬ್ಬರು ತಂಗಿಯರು ಓದುತ್ತಿದ್ದರು. ಇವು ನನಗೆ ಅಂದು ನೆಪಗಳೆಂದು ತೋರಲಿಲ್ಲ. ನನ್ನ ಟೇಬಲ್ಲಿಗೆ ಬಂದು ಕಾಗದ ಹಾಕಿ ಕೂತೆ. ಮಾಸ್ತರರ ಪದ್ಧತಿ ಹಳೆಯದು ಎಂದು ಹೊಡೆದೆ. ಅಚ್ಚಾದ ದಾಖಲೆ ಇರುವುದಿಲ್ಲ ಎಂದು ಹೊಡೆದೆ. ಎರಡೂ ಬಲವಾದ ಕಾರಣಗಳಾಗಿರಲಿಲ್ಲ. ಮೂರನೆಯದು ನನಗೆ ಗೊತ್ತಿತ್ತು. ಬಹಳ ಹೊತ್ತು ಕೂತಿದ್ದೆ. ಆಮೇಲೆ ಅದನ್ನೂ ಹೊಡೆದೆ: 'ಸದರಿಯವರ ಶ್ರವಣಶಕ್ತಿ ಕುಂದಿದ್ದು, ಅವರ ಪರೀಕ್ಷೆ ಇನ್ನು ಮುಂದೆ ಭರವಸೆಗೆ ಅರ್ಹವಲ್ಲ.'

ಎರಡು ದಿನದ ಮೇಲೆ ಮ್ಯಾನೇಜರರು ಮಾಸ್ತರರನ್ನು ಕಚೇರಿಗೆ ಕರೆಸಿದರು. ಮಾಸ್ತರರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಕೆಲಸ ತಮಗೇ ಬಂತೆಂದು ತಿಳಿದಿದ್ದರೆಂದು ಕಾಣುತ್ತದೆ. ನಾನು ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮ್ಯಾನೇಜರರು ಟಿಪ್ಪಣಿಯ ಮೂರೂ ಕಾರಣಗಳನ್ನು ಓದಿ ಹೇಳಿದರು. ಮೂರನೆಯದು ಬಂದಾಗ ಮಾಸ್ತರರು ನನ್ನ ಕಡೆ ನೋಡಿದರು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

"ಖರೇ ಅದರಿ," ಎಂದರು ಅವರು, ಮ್ಯಾನೇಜರರಿಗೆ. "ಕಿವಿ ಮಂದ ಆಗೇದ. ಬರದವರು ಸುಳ್ಳ ಬರದಿಲ್ಲ."

ಎದ್ದು ನಮಸ್ಕಾರ ಮಾಡಿ ಹೊರಟರು. ಗೇಟಿನವರೆಗೆ ಕಳಿಸಿಬರಲು ನನ್ನಿಂದ ಆಗಲಿಲ್ಲ. ಬಡ್ತಿಯ ಕಾಗದಕ್ಕೆ ಆ ವಾರವೇ ಸಹಿ ಬಿತ್ತು.

ಕಿವಿಯ ಸುದ್ದಿ ಪೇಟೆಯಲ್ಲಿ ಹರಡಲು ತಿಂಗಳು ಹಿಡಿಯಲಿಲ್ಲ. ಒಂದೊಂದಾಗಿ ಕಚೇರಿಗಳವರು ಧಾರವಾಡಕ್ಕೆ ಕಳಿಸತೊಡಗಿದರು. ನಮ್ಮ ಓಣಿಯ ಶಾಂತಾ ಎಂಬ ಹುಡುಗಿ ಮಾಸ್ತರರ ಹತ್ತಿರವೇ ಕಲಿತವಳು, ನನಗಿಂತ ಚೆನ್ನಾಗಿ ಟೈಪ್ ಮಾಡುತ್ತಿದ್ದಳು. ಅವಳ ಅಪ್ಪ ಮುನ್ಸಿಪಾಲಿಟಿಯಲ್ಲಿ ಕಸ ಗುಡಿಸುತ್ತಿದ್ದರು. ನಮ್ಮ ಕಾರಖಾನೆಯ ನಲವತ್ತು ಜಾಗಗಳಲ್ಲಿ ಒಂದಕ್ಕೆ ಅವಳೂ ಅರ್ಜಿ ಹಾಕಿ, ಧಾರವಾಡಕ್ಕೆ ಹೋಗಿ ಆ ನುಣುಪು ಫಾರ್ಮು ತುಂಬಿದಳು. ಅಯೋಗ್ಯ ಎಂದು ಉತ್ತರ ಬಂತು. ಮನೆಗೆ ಬಂದು ಕಾಗದವನ್ನು ನನ್ನ ಮುಂದಿಟ್ಟಳು.

"ಅಣ್ಣಾ, ನಾ ಎಲ್ಲಿ ತಪ್ಪೇನಿ ಅಂತ ಇದರಾಗ ಎಲ್ಲೂ ಬರದಿಲ್ಲಲ್ಲ. ಮಾಸ್ತರ್ರು ಆಗಿದ್ರ ಹೇಳ್ತಿದ್ರು. ನೀವರೆ ಕೇಳಿ ಹೇಳ್ರಿ."

ಕೇಳುತ್ತೇನೆ ಎಂದೆ. ಕೇಳಲಿಲ್ಲ. ಆಯ್ಕೆಯಾದ ನಲವತ್ತು ಹೆಸರುಗಳನ್ನು ನಾನೇ ಟೈಪ್ ಮಾಡಿದ್ದೆ. ಅವುಗಳಲ್ಲಿ ನಮ್ಮ ಓಣಿಯಂಥ ಓಣಿಗಳ ಹೆಸರು ಒಂದೂ ಇರಲಿಲ್ಲ. ನನ್ನ ಹೆಸರು ಆ ಕೇಂದ್ರದ ಮೂಲಕ ಹೋಗಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ದೊಡ್ಡ ಜಾಣತನ ಬೇಕಿರಲಿಲ್ಲ. ಒಂದು ವರ್ಷದ ನಂತರ ಮಾಸ್ತರರೇ ಧಾರವಾಡದ ವಕೀಲರೊಬ್ಬರ ಕಡೆ ತಾವಾಗಿ ಹೋಗಿ, ಶಾಂತಾಳನ್ನು ಅವರ ಮುಂದೆ ಕೂಡಿಸಿ ಟೈಪ್ ಮಾಡಿಸಿ, ಅವಳಿಗೆ ಕೆಲಸ ಕೊಡಿಸಿದರು. ಇದನ್ನು ಅವಳ ಅಪ್ಪ ನನಗೆ ಹೇಳಿದರು.

ಕ್ಲಾಸಿನಲ್ಲಿ ಎಂಟು ಮಷಿನ್ನಿದ್ದದ್ದು ಮೂರಾದವು. ಆಮೇಲೆ ಅವೂ ಹೋದವು. ಮಾಸ್ತರರು ದಾಜಿಬಾನ ಪೇಟೆಯ ಕೋಣೆ ಬಿಟ್ಟು, ಸತ್ತೂರಿನಲ್ಲಿ ಗಂಗಾಬಾಯಿಯವರ ತಮ್ಮನಿಗೆ ಸೇರಿದ ಎರಡು ಖೋಲಿಯ ಮನೆಗೆ ಹೋದರು. ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗಲೆಲ್ಲ ಸತ್ತೂರು ದಾಟುತ್ತಿದ್ದೆ. ಮೂರು ವರ್ಷ ಇಳಿಯಲಿಲ್ಲ.

ಕೊನೆಗೆ ಇಳಿದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ. ಗಂಗಾಬಾಯಿಯವರು ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ, "ಬರ್ರಿ, ಜೋರಾಗಿ ಮಾತಾಡ್ರಿ, ಈಗ ಎರಡೂ ಕಿವಿ ಕೇಳಸೂದಿಲ್ಲ," ಎಂದರು. ಮಾಸ್ತರರು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಬೆರಳುಗಳು ಬೆಳ್ಳಗಾಗಿದ್ದವು.

"ದೊಡ್ಡಮನಿಯವರ. ಬರ್ರಿ, ಕೂಡ್ರಿ. ತಂಗ್ಯಾರ ಲಗ್ನ ಆದವೇನು?"

ಒಬ್ಬಳದಾಯಿತು, ಇನ್ನೊಬ್ಬಳು ಶಾಲೆಯಲ್ಲಿ ಕಲಿಸುತ್ತಾಳೆ ಎಂದೆ. ಆಮೇಲೆ, ಹೇಳಲೆಂದು ಬಂದದ್ದನ್ನು ಹೇಳಿದೆ. ಗುಟ್ಟಿನ ಮಾತನ್ನು ಕೂಗಿ ಹೇಳಬೇಕಾಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು.

"ಕಿವಿ ಮಂದ ಅಂತ ಬರದಾಂವ ನಾನರಿ, ಮಾಸ್ತರ್ರ."

"ಗೊತ್ತದ," ಎಂದರು. "ಅವತ್ತ ಗೊತ್ತಾತು. ಅದರ ಸಿಟ್ಟಿಲ್ಲ ನನಗ. ಇದ್ದದ್ದನ್ನ ಬರದ್ರಿ. ಆದ್ರ ಆ ಹತ್ತು ಮಂದಿ ಲೆಕ್ಕ ಟಿಪ್ಪಣಿಯಾಗಿಂದ ಯಾಕ ತಗದ್ರಿ? ಮ್ಯಾನೇಜರರು ಅದನ್ನ ಓದಲಿಲ್ಲ. ನಾ ದಾರಿ ಕಾಯ್ಕೋತ ಕೂತಿದ್ದೆ, ಈಗ ಓದ್ತಾರ, ಈಗ ಓದ್ತಾರ ಅಂತ. ಅದನ್ನ ಓದಿ ಆಮ್ಯಾಲ ಬ್ಯಾಡ ಅಂದಿದ್ರ ನನಗೇನೂ ಅನಸ್ತಿರಲಿಲ್ಲ."

ಅದು ಹರಿದುಹೋಯಿತು, ಮತ್ತೆ ಬರೆದು ತರುತ್ತೇನೆ ಎಂದೆ.

ಮುಂದಿನ ಭಾನುವಾರ ಬರೆದು ಒಯ್ದೆ. ಹತ್ತೂ ಜನ ಇನ್ನೂ ನಮ್ಮಲ್ಲೇ ಇದ್ದುದರಿಂದ ನೆನಪಿನಿಂದಲೇ ಬರೆಯುವುದು ಕಷ್ಟವಾಗಲಿಲ್ಲ. ಮಾಸ್ತರರು ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿನ ಕೆಳಗೆ ಉಗುರು ಎಳೆಯುತ್ತ ಓದಿದರು. ಕೆಳಗೆ ನಾನು ಹತ್ತಕ್ಕೆ ಹತ್ತೂ ತಾಳೆಯಾದವೆಂದು ಹೊಡೆದಿದ್ದೆ. ಅಲ್ಲಿ ಉಗುರು ನಿಂತಿತು.

"ಹತ್ತಲ್ಲ, ಒಂಬತ್ತು. ಆರನೇ ನಂಬರಿನವರು ಸ್ಟೋರ್ಸಿನ್ಯಾಗ ಛಲೋ ಕೆಲಸ ಮಾಡ್ತಾರ ಅಂತ ನೀವ ಹೇಳಿದ್ರಿ. ನಾ ಅವರಿಗೆ ಬ್ಯಾಡ ಅಂತ ಬರದಿದ್ದೆ. ಅವರು ಅಂಜಿದ್ರು. ಅಂಜಿದವರ ಅಳತಿ ನನಗ ಕಡೀತನಕಾ ಬರಲಿಲ್ಲ. ತಿದ್ದರಿ."

ಪೆನ್ನು ತೆಗೆದು ತಿದ್ದಿದೆ. ಕಾಗದ ಅವರ ಕೈಗೆ ಕೊಟ್ಟೆ. ಅವರು ಅದನ್ನು ಮಡಿಚಿ ನನಗೇ ವಾಪಸು ಕೊಟ್ಟರು.

"ನನಗ ಯಾಕ ಇದು? ನಿಮ್ಮ ಫೈಲಿನ್ಯಾಗ ಹಚ್ಚರಿ. ನಿಮ್ಮ ಸಹಿ ಮಾಡಿ ಹಚ್ಚರಿ."

ಹಚ್ಚುತ್ತೇನೆ ಎಂದು ಬಂದೆ. ಸೋಮವಾರ ಅದು ನನ್ನ ಕೋಟಿನ ಕಿಸೆಯಲ್ಲಿ ಕಾರಖಾನೆಗೆ ಬಂತು, ಸಂಜೆ ಕಿಸೆಯಲ್ಲೇ ಮನೆಗೆ ಹೋಯಿತು. ಮ್ಯಾನೇಜರರ ಬಾಗಿಲ ಮುಂದೆ ಎರಡು ಸಲ ಹೋಗಿ ತಿರುಗಿ ಬಂದೆ. ಹೀಗೆ ಐದು ವಾರ ಕಳೆದವು. ಆರನೆಯ ವಾರ ಶಾಂತಾಳ ಅಪ್ಪ ಬಂದು, ಮಾಸ್ತರರು ತೀರಿಕೊಂಡು ನಾಲ್ಕು ದಿನವಾಯಿತೆಂದು ಹೇಳಿದರು. ಶಾಂತಾ ಹೋಗಿ ಬಂದಿದ್ದಳಂತೆ.

ಮರುದಿನ ಕಾಗದಕ್ಕೆ ಸಹಿ ಮಾಡಿ ಒಯ್ದು ಮ್ಯಾನೇಜರರ ಟೇಬಲ್ಲಿನ ಮೇಲಿಟ್ಟೆ. ಅವರು ಓದಿದರು. ಹಾಳೆ ತಿರುಗಿಸಿ ಹಿಂದೇನಾದರೂ ಇದೆಯೇ ಎಂದು ನೋಡಿದರು.

"ಇದನ್ನ ಈಗ ಯಾಕ ತಂದ್ರಿ, ದೊಡ್ಡಮನಿ?"

"ತಡ ಆತ್ರಿ, ಸಾಹೇಬ್ರ," ಎಂದೆ.